ಊರನ್ನು ಕೇಳಿ ನೆಲವನ್ನು ಅಳೆದವರು: ಕಾಲಿನ್ ಮೆಕೆಂಜಿ ಮತ್ತು ಮೈಸೂರು ಸರ್ವೆ



ಭೂಮಾಪನ ವೃತ್ತಿಗೆ ದಾರಿ ಹಾಕಿಕೊಟ್ಟ ಹಿರಿಯರೊಬ್ಬರನ್ನು ನೆನೆಯಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಯಾರನ್ನು ನೆನೆಯಬೇಕು ಎಂಬುದನ್ನು ಮಾತನಾಡುವವನಿಗೇ ಬಿಟ್ಟಿದ್ದೀರಿ. ಸರ್ವೆ ಎಂದ ಕೂಡಲೇ ಜನರ ಬಾಯಿಗೆ ಬರುವ ಹೆಸರು ಜಾರ್ಜ್ ಎವರೆಸ್ಟ್; ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಅವರ ಹೆಸರಿದೆ. ಇನ್ನೂ ಸ್ವಲ್ಪ ಓದಿಕೊಂಡವರು ವಿಲಿಯಂ ಲ್ಯಾಂಬ್ಟನ್ ಹೆಸರು ಹೇಳುತ್ತಾರೆ. ನಾನು ಆರಿಸಿಕೊಂಡದ್ದು ಕರ್ನಲ್ ಕಾಲಿನ್ ಮೆಕೆಂಜಿಯವರನ್ನು. ಬಂಗಾಳ, ಮದ್ರಾಸು, ಬೊಂಬಾಯಿ ಮೂರೂ ಪ್ರಾಂತಗಳ ಸರ್ವೆ 1815ರಲ್ಲಿ ಒಂದೇ ಹುದ್ದೆಯ ಕೆಳಗೆ ಬಂದಾಗ ಆ ಹುದ್ದೆಗೆ ಬಂದವರು ಅವರು, ಭಾರತದ ಮೊದಲ ಸರ್ವೇಯರ್ ಜನರಲ್. ಆಗ ಅವರಿಗೆ ಅರವತ್ತು ದಾಟಿತ್ತು. ಆ ಕುರ್ಚಿಗೆ ಅವರನ್ನು ಏರಿಸಿದ ಕೆಲಸಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ನೆಲದಲ್ಲಿ ನಡೆದ ಮೈಸೂರು ಸರ್ವೆ.

ಕನ್ನಡದ ಓದುಗರಿಗೆ ಮೆಕೆಂಜಿ ಎಂದರೆ ಕೈಫಿಯತ್ತುಗಳು, ಶಾಸನದ ನಕಲುಗಳು, ಓಲೆಗರಿಗಳು. ಸರ್ವೆ ಇಲಾಖೆಯವರಿಗೆ ಅವರು ತರಬೇತಿಯ ಪಾಠದಲ್ಲಿ ಬಂದುಹೋಗುವ ಒಂದು ಹೆಸರು. ಒಬ್ಬ ಮನುಷ್ಯನನ್ನು ನಾವು ಹೀಗೆ ಎರಡು ಪಾಲು ಮಾಡಿ, ಆ ಕಡೆಯವರು ಒಂದು ಪಾಲನ್ನೂ ಈ ಕಡೆಯವರು ಇನ್ನೊಂದನ್ನೂ ಇಟ್ಟುಕೊಂಡಿದ್ದೇವೆ. ಹೊಟ್ಟೆಪಾಡಿಗೆ ಸರ್ವೆ ಮಾಡಿದರು, ಹವ್ಯಾಸಕ್ಕೆ ಹಳೆಯ ಕಾಗದ ಕೂಡಿಸಿದರು ಎಂದು ಹೇಳುವುದು ರೂಢಿಯಾಗಿದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಅಳತೆಯೂ ಸಂಗ್ರಹವೂ ಅವರ ಮಟ್ಟಿಗೆ ಒಂದೇ ಕೆಲಸವಾಗಿದ್ದವು. ಸರ್ವೆಯಲ್ಲೇ ಬಹುಕಾಲ ದುಡಿದ ನನಗೆ ಇದು ಹೊಲದಲ್ಲಿ ನಿಂತು ಮನವರಿಕೆಯಾದ ಸಂಗತಿ. ಅದನ್ನೇ ಇವತ್ತು ನಿಮ್ಮ ಮುಂದೆ ಬಿಡಿಸಿ ಹೇಳುತ್ತೇನೆ.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರಿನಲ್ಲಿ. ಊರಿನಲ್ಲಿ ಸುಂಕದ ಕಚೇರಿಯ ನೌಕರಿ ಇತ್ತು. ಗಣಿತದ ಗೀಳು ಎಳೆಯ ವಯಸ್ಸಿನದು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಅವರ ಚರಿತ್ರೆ ಬರೆಯಲು ಹೊರಟಿದ್ದ ಮನೆತನವೊಂದರ ಒಡನಾಟದಲ್ಲಿ ಹಿಂದೂ ಗಣಿತದ ಬಗ್ಗೆ ಕುತೂಹಲ ಹತ್ತಿತು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಮದ್ರಾಸಿನಲ್ಲಿ ಇಳಿದಾಗ ವಯಸ್ಸು ಮೂವತ್ತರ ಹತ್ತಿರ. ಆ ಕಾಲದ ಲೆಕ್ಕದಲ್ಲಿ ಹೊಸ ಬದುಕು ಶುರುಮಾಡಲು ತಡವಾದ ವಯಸ್ಸು. ಎಂಜಿನಿಯರ್ ಪಡೆಯಲ್ಲಿ ಕೆಲಸ ಸಿಕ್ಕಿತು. ನೆಲ್ಲೂರು, ಗುಂಟೂರು ಸೀಮೆಗಳ ದಾರಿಗಳನ್ನು ಅಳೆದರು, ನಿಜಾಮನ ರಾಜ್ಯದಲ್ಲಿ ವರ್ಷಗಟ್ಟಲೆ ಅಲೆದು ನಕ್ಷೆ ಮಾಡಿದರು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರ್ ಆಗಿ ಇದ್ದರು. ಭಾರತಕ್ಕೆ ಬಂದ ಮೇಲೆ ಸಾಯುವ ತನಕ ಮತ್ತೆ ತಾಯ್ನಾಡಿನ ಮುಖ ನೋಡಲಿಲ್ಲ.

ಮೈಸೂರು ಸರ್ವೆ ಹುಟ್ಟಿದ್ದು ಯುದ್ಧದ ಹೊಟ್ಟೆಯಿಂದ. ಇದನ್ನು ಮುಚ್ಚಿಡುವಂತಿಲ್ಲ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದರು. ಕೆಲವೇ ವಾರಗಳಲ್ಲಿ ರಾಜ್ಯ ಪಾಲಾಯಿತು: ಕಂಪನಿಗೊಂದು ಭಾಗ, ನಿಜಾಮನಿಗೊಂದು ಭಾಗ, ಉಳಿದದ್ದು ಒಡೆಯರ ಮನೆತನಕ್ಕೆ. ಪಾಲು ಮಾಡಿದವರ ಕೈಯಲ್ಲಿದ್ದದ್ದು ತಾಲ್ಲೂಕುಗಳ ಹೆಸರು ಮತ್ತು ಅವುಗಳ ಹುಟ್ಟುವಳಿಯ ಪಟ್ಟಿ. ಯಾವ ತಾಲ್ಲೂಕು ಎಲ್ಲಿ ಮುಗಿಯುತ್ತದೆ, ಯಾವ ಹಳ್ಳಿ ಯಾವುದಕ್ಕೆ ಸೇರಿದ್ದು, ಒಂದು ತಾಲ್ಲೂಕಿನ ಊರು ಇನ್ನೊಂದರ ಒಳಗೆ ಸಿಕ್ಕಿಕೊಂಡಿದೆಯೇ, ಇದ್ಯಾವುದಕ್ಕೂ ನಂಬಬಹುದಾದ ನಕ್ಷೆ ಇರಲಿಲ್ಲ. ಭಾಗಪತ್ರ ಮೊದಲು ರಿಜಿಸ್ಟರ್ ಮಾಡಿಸಿ ಆಮೇಲೆ ಅಳತೆಗೆ ಅರ್ಜಿ ಹಾಕುವ ಕುಟುಂಬಗಳನ್ನು ನೀವೆಲ್ಲ ಕಂಡಿದ್ದೀರಿ. ಇಲ್ಲಿ ಇಡೀ ರಾಜ್ಯಕ್ಕೇ ಹಾಗಾಯಿತು. ಹೊಸ ಗಡಿಯನ್ನು ನೆಲದ ಮೇಲೆ ಗುರುತಿಸಿ, ಸೀಮೆಯ ನಕ್ಷೆ ತಯಾರಿಸಲು ಗವರ್ನರ್ ಜನರಲ್ ವೆಲ್ಲೆಸ್ಲಿ ಮೆಕೆಂಜಿಯವರನ್ನು ನೇಮಿಸಿದರು. ಗೆದ್ದವರಿಗೆ ತಾವು ಗೆದ್ದದ್ದು ಎಷ್ಟು ಎಂದು ತಿಳಿಯಬೇಕಿತ್ತು, ಅದನ್ನು ಆಳುವುದಕ್ಕೆ ನಕ್ಷೆ ಬೇಕಿತ್ತು. ಮೆಕೆಂಜಿಯವರ ದೊಡ್ಡತನವನ್ನು ಹೇಳುವಾಗಲೂ ಅವರ ಸಂಬಳ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

1800 ನಮ್ಮ ನಾಡಿನ ಮಟ್ಟಿಗೆ ವಿಶೇಷ ವರ್ಷ. ಒಂದೇ ಹೊತ್ತಿಗೆ ಮೂರು ಬಗೆಯ ಸರ್ವೆ ಈ ನೆಲದ ಮೇಲೆ ನಡೆದಿತ್ತು. ವೈದ್ಯ ಫ್ರಾನ್ಸಿಸ್ ಬುಕಾನನ್ ಬೇಸಾಯ, ಕಸುಬು, ಬೆಲೆ, ಕೂಲಿ ವಿಚಾರಿಸುತ್ತ ಊರಿಂದೂರಿಗೆ ಹೋಗುತ್ತಿದ್ದರು. ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆಯುತ್ತಿದ್ದರು. ಅವರ ಕಣ್ಣಿದ್ದದ್ದು ಭೂಮಿಯ ಆಕಾರದ ಮೇಲೆ. ಮೆಕೆಂಜಿ ಇವರಿಬ್ಬರ ನಡುವೆ ನಿಂತವರು. ಅವರಿಗೆ ಬೆಟ್ಟದ ನೆತ್ತಿಯೂ ಬೇಕು, ಬೆಟ್ಟದ ಬುಡದ ಊರೂ ಬೇಕು.

ಸಭೆಯಲ್ಲಿ ಬೇರೆ ವೃತ್ತಿಯವರೂ ಇರುವುದರಿಂದ ಒಂದು ವಿವರಣೆ ಅಗತ್ಯ. ಮೆಕೆಂಜಿ ಮಾಡಿದ್ದು ಹೊಲದಿಂದ ಹೊಲಕ್ಕೆ ಹೋಗಿ ಸರ್ವೆ ನಂಬರ್ ಕೊಡುವ ಕಂದಾಯದ ಮೋಜಣಿಯನ್ನಲ್ಲ. ಅದು ಮೈಸೂರು ಸೀಮೆಯಲ್ಲಿ ವ್ಯವಸ್ಥಿತವಾಗಿ ಶುರುವಾದದ್ದು 1863ರಲ್ಲಿ, ಬೊಂಬಾಯಿ ಪದ್ಧತಿಯ ಮೇಲೆ. ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ ಕಡೆಯ ಜಿಲ್ಲೆಗಳಲ್ಲಿ ಥಾಮಸ್ ಮನ್ರೋ 1802ರಿಂದ ಹೊಲಗಳ ಅಳತೆ ಮಾಡಿಸುತ್ತಿದ್ದರು. ಅದಕ್ಕೆ ಬಳಸಿದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಎಂದರೆ 1,089 ಚದರ ಅಡಿ, ನಮ್ಮ ಇವತ್ತಿನ ಒಂದು ಗುಂಟೆ; ಅಂಥ 40 ಸೇರಿದರೆ ಎಕರೆ. ಮೆಕೆಂಜಿಯವರ ಕೆಲಸ ಇದಕ್ಕಿಂತ ಬೇರೆ. ಸಮತಟ್ಟಾದ ಜಾಗದಲ್ಲಿ ಒಂದು ರೇಖೆಯನ್ನು ಬಹಳ ಎಚ್ಚರದಿಂದ ಅಳೆಯುವುದು, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಥಿಯೋಡೊಲೈಟ್ ಹಿಡಿದು ಕೋನ ನೋಡುವುದು, ಆ ಬೆಟ್ಟದ ಮೇಲೆ ಹತ್ತಿ ಮೂರನೆಯ ಕೋನ ನೋಡುವುದು. ಮೂರೂ ಕೂಡಿದರೆ 180 ಡಿಗ್ರಿಗೆ ಎಷ್ಟು ಹತ್ತಿರ ಬರುತ್ತದೆ ಎಂಬುದೇ ಕೆಲಸದ ಪರೀಕ್ಷೆ. ಒಂದು ತ್ರಿಕೋನದ ಬದಿ ಸಿಕ್ಕಿತೆಂದರೆ ಅದೇ ಮುಂದಿನ ತ್ರಿಕೋನಕ್ಕೆ ಪಾದ. ದುರ್ಗಗಳು, ಗುಡ್ಡಗಳು, ಗೋಪುರಗಳು ಹೀಗೆ ಬಲೆಯ ಗಂಟುಗಳಾಗುತ್ತ ಹೋಗುತ್ತವೆ. ಬಲೆ ಬಿಗಿಯಾದ ಮೇಲೆ ಒಳಗಿನ ಹಳ್ಳ, ದಾರಿ, ಕೆರೆ, ಊರು, ಕೋಟೆಗಳನ್ನು ತುಂಬುವುದು.

ಬಲೆಯ ಗಂಟು ಹಾಕುವುದಕ್ಕೆ ಗಣಿತ ಸಾಕು. ಒಳಗನ್ನು ತುಂಬಲು ಹೊರಟಾಗಲೇ ಸರ್ವೆಯವನು ಊರವರ ಮುಂದೆ ಕೈಯೊಡ್ಡಿ ನಿಲ್ಲಬೇಕಾಗುವುದು. ಆ ಗುಡ್ಡಕ್ಕೆ ಏನೆನ್ನುತ್ತೀರಿ? ಈ ಕೆರೆ ಯಾರು ಕಟ್ಟಿಸಿದ್ದು, ಅಚ್ಚುಕಟ್ಟು ಯಾವ ಊರಿನದು? ಅಲ್ಲಿ ಕಾಣುವ ಹಾಳು ಗೋಡೆ ಯಾವ ಪಾಳೆಯಗಾರನದು? ಗಡಿ ಈ ಹಳ್ಳದ ಮೇಲೆ ಹೋಗುತ್ತದೋ, ಆಚೆಯ ದಿಣ್ಣೆಯ ಮೇಲೋ? ಇದಕ್ಕೆಲ್ಲ ಉತ್ತರ ಯಾವ ಉಪಕರಣದಲ್ಲೂ ಇಲ್ಲ. ಶಾನುಭೋಗರ ಹತ್ತಿರ ಇದೆ, ಪಟೇಲರ ಹತ್ತಿರ, ತಳವಾರನ ಹತ್ತಿರ, ದನ ಕಾಯುವ ಹುಡುಗನ ಹತ್ತಿರ ಇದೆ.

ನನ್ನ ವೃತ್ತಿಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದಾಗ ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕಾಶೆ ಮುಂತಾದ ಸರ್ವೆ ದಾಖಲೆಗಳೆಲ್ಲ ಕೈಯಲ್ಲಿರುತ್ತವೆ. ಬಾಂದು ಕಲ್ಲು ಮಾತ್ರ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು ಕರೆಸುತ್ತೇವೆ. ಬದುವಿನ ಮೇಲೆ ಕೂತ ಹಿರಿಯರೊಬ್ಬರು, ‘ಅಲ್ಲಿ ಹುಣಿಸೆ ಬೊಡ್ಡೆ ಇತ್ತಲ್ಲಪ್ಪ, ಅದರ ಮೂಡಲಿಗೆ ಒಂದು ಮಾರು ಬಿಟ್ಟು ಅಗೆದು ನೋಡು’ ಅನ್ನುತ್ತಾರೆ. ಗುದ್ದಲಿಗೆ ಕಲ್ಲು ತಗಲುತ್ತದೆ. ಅವರ ಮಾತನ್ನು ಅಳತೆಯಿಂದ ತಾಳೆ ನೋಡುತ್ತೇವೆ, ಅಳತೆಯನ್ನು ಅವರ ಮಾತಿನಿಂದ ತಾಳೆ ನೋಡುತ್ತೇವೆ, ಎರಡೂ ಕೂಡಿದಾಗ ಮಹಜರು ಬರೆದು ರುಜು ಹಾಕಿಸುತ್ತೇವೆ. ಮೆಕೆಂಜಿ ಮಾಡಿದ್ದು ಒಂದು ಸೀಮೆಯ ಅಳತೆಯಲ್ಲಿ ಇದೇ ಕೆಲಸ. ವ್ಯತ್ಯಾಸ ಏನೆಂದರೆ, ಆ ಹಿರಿಯರು ಬೊಡ್ಡೆಯ ಮಾತು ಮುಗಿಸಿ ಊರಿನ ಕಥೆ ಹೇಳಲು ತೊಡಗಿದಾಗ ನಾವು ಪುಸ್ತಕ ಮಡಚುತ್ತೇವೆ. ಮೆಕೆಂಜಿ ಮಡಚಲಿಲ್ಲ.

ಅವರ ನೆರವಿಗಿದ್ದವರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್, ಥಾಮಸ್ ಆರ್ಥರ್, ಬಾರಾಮಹಲ್ ಸೀಮೆಯನ್ನು ಅಳೆದು ಅನುಭವವಿದ್ದ ಜಾನ್ ಮೇದರ್ ಇದ್ದರು. ಸಸ್ಯಶಾಸ್ತ್ರ ಬಲ್ಲ ವೈದ್ಯ ಬೆಂಜಮಿನ್ ಹೇಯ್ನ್ ಸ್ವಲ್ಪ ಕಾಲ ಇದ್ದರು. ಮದ್ರಾಸಿನಲ್ಲಿ 1794ರಲ್ಲಿ ತೆರೆದ ಸರ್ವೆ ಶಾಲೆಯಿಂದ ಬಂದ ಎಳೆಯ ಹುಡುಗರು ಇದ್ದರು; ಹಲವರು ಅನಾಥಾಲಯದಿಂದ ಬಂದವರು, ಮೀಸೆ ಮೂಡುವ ಮೊದಲೇ ಸರಪಳಿ ಹಿಡಿದವರು. ಆ ಶಾಲೆಯೇ ಮುಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರಿಗೆ ಖರ್ಚು ಹೆಚ್ಚೆನಿಸಿತು, ಸಿಬ್ಬಂದಿಗೆ ಕತ್ತರಿ ಬಿತ್ತು. ಕಾಡುಸೀಮೆಯ ಚಳಿಜ್ವರ ತಂಡವನ್ನು ಮತ್ತೆ ಮತ್ತೆ ಮಲಗಿಸಿತು, ಮೆಕೆಂಜಿಯವರನ್ನೂ ಬಿಡಲಿಲ್ಲ. ಹೀಗೆ ನಡೆದ ಕೆಲಸದಿಂದ 1808ರ ಹೊತ್ತಿಗೆ 40,000 ಚದರ ಮೈಲಿಯ ನಕ್ಷೆಗಳೂ ಅವುಗಳ ಜೊತೆಗೆ ಏಳು ದೊಡ್ಡ ಸಂಪುಟಗಳ ವಿವರಣೆಯೂ ಸಿದ್ಧವಾದವು.

ವಾರನ್ ಅವರ ಒಂದು ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1802ರಲ್ಲಿ ಮೈಸೂರಿನ ಮೂಡಣ ಗಡಿ ಗುರುತಿಸಲು ಅವರು ಕೋಲಾರದ ಕಡೆ ಇದ್ದರು. ಅಲ್ಲಿ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಕೊಡುವುದಾಗಿ ಸಾರಿದರು. ಉರಿಗಾಂ ಕಡೆಯ ಜನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದರು. ಹೆಂಗಸರು ಅದನ್ನು ಅವರ ಕಣ್ಣೆದುರೇ ನೀರಿನಲ್ಲಿ ತೊಳೆದು, ಮರಳು ಬಸಿದು, ಉಳಿದ ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂನಲ್ಲಿ ಆಳಕ್ಕಿಳಿದು ಕಲ್ಲು ತೆಗೆಯುವವರನ್ನೂ ಅವರು ಕಂಡರು. ಕೋಲಾರದ ಚಿನ್ನದ ಗಣಿಗಳ ಆಧುನಿಕ ಚರಿತ್ರೆಯನ್ನು ಬರೆಯುವವರು ವಾರನ್ ಅವರ ಈ ವರದಿಯಿಂದ ಶುರುಮಾಡುತ್ತಾರೆ. ಗಡಿ ಅಳೆಯಲು ಹೋದವನು ಕಿವಿ ತೆರೆದಿಟ್ಟದ್ದರಿಂದ ಸಿಕ್ಕಿದ್ದು ಅದು. ಆದರೆ ವರದಿಯಲ್ಲಿ ವಾರನ್ ಹೆಸರಿದೆ, ಮಣ್ಣು ತೊಳೆದ ಹೆಂಗಸರಿಗೆ ಹೆಸರಿಲ್ಲ. ಮುಂದೆ ಹೇಳಲಿರುವ ವಿಷಯಕ್ಕೂ ಈ ಮಾತು ಬೇಕಾಗುತ್ತದೆ.

ಮೆಕೆಂಜಿಗೆ ನಮ್ಮ ಯಾವ ಭಾಷೆಯೂ ಬರುತ್ತಿರಲಿಲ್ಲ. ಇದನ್ನು ಅವರು ತಾವೇ ಒಪ್ಪಿಕೊಂಡು ಬರೆದಿದ್ದಾರೆ. ಮೂವತ್ತೆಂಟು ವರ್ಷ ಈ ದೇಶದಲ್ಲಿದ್ದು, ದಕ್ಷಿಣದ ಭಾಷೆಗಳ ಅಷ್ಟು ದೊಡ್ಡ ಭಂಡಾರ ಕಟ್ಟಿದವರಿಗೆ ಅದರ ಒಂದು ಪುಟವನ್ನೂ ತಾವಾಗಿ ಓದಲು ಆಗುತ್ತಿರಲಿಲ್ಲ. ಹಾಗಾದರೆ ಓದಿದವರು ಯಾರು? ಏಲೂರು ಕಡೆಯ ಕಾವಲಿ ಮನೆತನದ ವೆಂಕಟ ಬೋರಯ್ಯ ಮೊದಲನೆಯವರು. ಭಾರತದ ವಿದ್ಯೆಯ ಬಾಗಿಲನ್ನು ತನಗೆ ತೆರೆದವನು ಈತನೇ ಎಂಬ ಅರ್ಥದಲ್ಲಿ ಮೆಕೆಂಜಿ ಅವರನ್ನು ನೆನೆದಿದ್ದಾರೆ. ಬೋರಯ್ಯ 1803ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ಬಂದು ಕೊನೆಯವರೆಗೂ ದುಡಿದರು. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಇದ್ದರು. ನಮ್ಮವರಲ್ಲಿ ಮುಖ್ಯರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಮೈಸೂರು ಸರ್ವೆಯ ಕಾಲದಲ್ಲಿ ತಂಡಕ್ಕೆ ಬಂದ ಅವರು ಹಳಗನ್ನಡದ ಶಾಸನಗಳನ್ನು ಓದಬಲ್ಲವರಾಗಿದ್ದರು. ಕಲ್ಲಿನ ಮೇಲಿನ ಲಿಪಿಯನ್ನು ಹಾದಿಹೋಕರು ಯಾರೂ ಓದಲಾರದ ಕಾಲ ಅದು. ಬಳ್ಳಿಗಾವಿಯಂಥ ಊರಿನಲ್ಲಿ ಸಾಲಾಗಿ ನಿಂತ ಶಾಸನಗಳು ನಕಲಾಗುತ್ತ, ಅರ್ಥವಾಗುತ್ತ ಹೋದದ್ದು ಇಂಥವರ ಕಣ್ಣಿನಿಂದ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳು ಹೊರಡಲು ಇನ್ನೂ ಮುಕ್ಕಾಲು ಶತಮಾನ ಬಾಕಿ ಇತ್ತು.

ಊರೂರಿಗೆ ಪ್ರಶ್ನೆಗಳು ಹೋದವು. ನಿಮ್ಮ ಊರು ಯಾವಾಗ ಕಟ್ಟಿದ್ದು, ಯಾರು ಯಾರು ಆಳಿದರು, ದೇವಸ್ಥಾನಕ್ಕೆ ಯಾರು ಉಂಬಳಿ ಬಿಟ್ಟರು, ಕೆರೆ ಕಟ್ಟಿಸಿದವರು ಯಾರು, ಸಿಕ್ಕುವ ಕಾಗದ ಪತ್ರ ಏನೇನಿವೆ. ಬರೆದು ಕೊಟ್ಟ ಹೇಳಿಕೆಗಳೇ ಕೈಫಿಯತ್ತುಗಳು. ಶಾನುಭೋಗರ ಮನೆಯ ಕಡತಗಳಿಂದ ಇಳಿಸಿದ್ದು, ಹಿರಿಯರ ಬಾಯಿಂದ ಬಂದದ್ದು, ಸ್ಥಳಪುರಾಣದಿಂದ ಎತ್ತಿದ್ದು, ಎಲ್ಲವೂ ಅದರಲ್ಲಿ ಬೆರೆತಿವೆ.

ಕಡತ ಎಂದರೆ ಇವತ್ತು ಕಚೇರಿಯ ಫೈಲು. ಆ ಕಾಲದ ಕಡತವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗೇಣಿಗಿಂತ ಸ್ವಲ್ಪ ಹೆಚ್ಚಿನ ಅಗಲದ, ಎಂಟು ಹತ್ತು ಮೊಳ ಉದ್ದದ ಬಟ್ಟೆ. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಎರಡೂ ಬದಿಗೆ ಬಳಿದು ಒಣಗಿಸಿದರೆ ಬಟ್ಟೆ ಗಟ್ಟಿಯಾಗಿ ಕಪ್ಪಗಾಗುತ್ತದೆ. ಅದನ್ನು ಹಿಂದೆ ಮುಂದೆ ಮಡಿಕೆ ಮಾಡಿ, ಎರಡು ಕಡೆ ಹಲಗೆ ಕಟ್ಟಿದರೆ ಪುಸ್ತಕ. ಬರೆಯುವುದು ಬಳಪದಲ್ಲಿ. ತಪ್ಪಾದರೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು, ಒರೆಸದಿದ್ದರೆ ತಲೆಮಾರುಗಟ್ಟಲೆ ಉಳಿಯುತ್ತದೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಮೈಸೂರಿನ ಇತಿಹಾಸದಲ್ಲಿ ಈ ಕಡತವನ್ನು ಆಸಕ್ತಿಯಿಂದ ವರ್ಣಿಸಿದ್ದಾರೆ. ಆ ಇತಿಹಾಸ ಬರೆಯುವಾಗ ಅವರಿಗೆ ಮೆಕೆಂಜಿಯವರ ಸಂಗ್ರಹ ದೊಡ್ಡ ಆಸರೆಯಾಗಿತ್ತು. ಶಾನುಭೋಗರ ಮನೆಯ ಅಟ್ಟದಲ್ಲಿ ಹೊಗೆ ಹಿಡಿಯುತ್ತ ಕೂತಿದ್ದ ಇಂಥ ಕಡತಗಳಲ್ಲಿದ್ದದ್ದು ಸರ್ವೆಯ ಟೆಂಟಿಗೆ ಬಂದು ಕಾಗದಕ್ಕೆ ಇಳಿಯಿತು.

ಊರವರು ಸಂತೋಷದಿಂದ ಎಲ್ಲವನ್ನೂ ಬಿಚ್ಚಿಟ್ಟರು ಎಂದು ತಿಳಿಯಬಾರದು. ಎಣಿಸಲು ಬಂದವನ ಹಿಂದೆಯೇ ಕಂದಾಯ ಬರುತ್ತದೆ ಎಂಬುದು ಯಾವ ರೈತನಿಗೂ ಗೊತ್ತು. ಉಂಬಳಿ ಯಾರದು ಎಂದು ಕೇಳುವವನು ನಾಳೆ ಅದನ್ನು ಕಿತ್ತುಕೊಳ್ಳಬಹುದು. ಕಾಗದ ತೋರಿಸಲು ಹಿಂಜರಿದವರ, ಸುತ್ತಿಸಿ ಸುತ್ತಿಸಿ ಕಳಿಸಿದವರ ವಿಷಯ ಮೆಕೆಂಜಿಯವರ ಸಹಾಯಕರ ವರದಿಗಳಲ್ಲೇ ಇದೆ. ಹೇಳಿದವರೂ ತಮಗೆ ಅನುಕೂಲವಾದದ್ದನ್ನು ಸೇರಿಸಿ ಹೇಳಿರುತ್ತಾರೆ; ಪಾಳೆಯಗಾರರ ಮನೆಯವರು ತಮ್ಮ ವಂಶವನ್ನು ವಿಜಯನಗರದ ಅರಸರಿಗೆ ಗಂಟು ಹಾಕಿರುತ್ತಾರೆ. ಕೈಫಿಯತ್ತುಗಳ ಕಾಲನಿರ್ಣಯವನ್ನು ಹಾಗೇ ನಂಬುವ ಇತಿಹಾಸಕಾರರಿಲ್ಲ. ಸರ್ವೆಯವನ ಕಣ್ಣಿಗೆ ಅವುಗಳ ಬೆಲೆ ಬೇರೆ ಕಡೆ ಇದೆ. ಕೋಟೆಯ ಯಾವ ದಿಕ್ಕಿಗೆ ಪೇಟೆ ಬೆಳೆಯಿತು, ಯಾವ ಕೆರೆ ಒಡೆದು ಯಾವ ಊರು ಹಾಳಾಯಿತು, ಬೇಚರಾಕ್ ಆಗಿ ಹಾಳುಬಿದ್ದ ಹಳ್ಳಿಯ ಜನ ಎಲ್ಲಿಗೆ ಹೋದರು, ಈ ಸಂಗತಿಗಳನ್ನು ಆ ನೆಲದಲ್ಲೇ ಬದುಕಿದವರು ಹೇಳಿದ್ದಾರೆ. ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುವ ಊರಿಗೆ ಕೈಫಿಯತ್ತಿನಲ್ಲಿ ವಯಸ್ಸಿದೆ.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಥಾಮಸ್ ಹಿಕಿ ಎಂಬ ಕಲಾವಿದರು 1816ರಲ್ಲಿ ಬರೆದ ತೈಲಚಿತ್ರವಿದೆ. ಕೆಂಪು ಸಮವಸ್ತ್ರದಲ್ಲಿ ಎತ್ತರದ, ಬಳಲಿದ ಮುಖದ ಮೆಕೆಂಜಿ ನಡುವೆ ನಿಂತಿದ್ದಾರೆ. ಸುತ್ತ ಮೂವರು ಭಾರತೀಯರು. ಓಲೆಗರಿ ಹಿಡಿದವರನ್ನು ಪಂಡಿತ ಧರ್ಮಯ್ಯ ಎಂದೂ, ಇನ್ನೊಬ್ಬರನ್ನು ಕಾವಲಿ ಲಕ್ಷ್ಮಯ್ಯ ಎಂದೂ, ದೂರದರ್ಶಕ ಹಿಡಿದವನನ್ನು ಜವಾನ ಕಿಷ್ಟ್ನಾಜಿ ಎಂದೂ ಗುರುತಿಸುತ್ತಾರೆ. ಹಿನ್ನೆಲೆಯ ಗುಡ್ಡದ ಮೇಲೆ ಕಾರ್ಕಳದ ಗೊಮ್ಮಟ. ಆ ಕಾಲದ ಕಂಪನಿ ಅಧಿಕಾರಿಗಳ ಚಿತ್ರಗಳಲ್ಲಿ ಭಾರತೀಯರು ಇರುತ್ತಿದ್ದದ್ದು ಹುಕ್ಕಾ ಹಿಡಿಯಲು, ಛತ್ರಿ ಹಿಡಿಯಲು, ಕುದುರೆ ಹಿಡಿಯಲು. ಇಲ್ಲಿ ಅವರು ಕೆಲಸದ ಸಾಮಾನು ಹಿಡಿದು ಬಂದಿದ್ದಾರೆ. ಒಬ್ಬರ ಕೈಯಲ್ಲಿ ಓದುವ ಗರಿ, ಇನ್ನೊಬ್ಬನ ಕೈಯಲ್ಲಿ ನೋಡುವ ಯಂತ್ರ. ಚಿತ್ರದಲ್ಲಿ ಎತ್ತರವಾಗಿ ನಿಂತವರು ಮೆಕೆಂಜಿಯೇ, ಸರಿ. ಆದರೂ ತಮ್ಮ ಹೆಸರಿನಲ್ಲಿ ಉಳಿಯುವ ಚಿತ್ರದೊಳಗೆ ಈ ಮೂವರನ್ನೂ ಕರೆತಂದ ಅಧಿಕಾರಿ ತಮ್ಮ ಕೆಲಸ ಯಾರ ಮೇಲೆ ನಿಂತಿದೆ ಎಂಬುದನ್ನು ಬಲ್ಲವರಾಗಿದ್ದರು. ನಾಯಕತ್ವದ ಮಾತು ಬಂದಾಗ ನಾನು ಈ ಚಿತ್ರವನ್ನು ನೆನೆಯುತ್ತೇನೆ. ತನಗೆ ಬಾರದ ವಿದ್ಯೆಯುಳ್ಳವರನ್ನು ಹುಡುಕಿ, ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಂಬಳ ಕೊಟ್ಟು, ಅವರ ಮಾತಿನ ಮೇಲೆ ತನ್ನ ಹೆಸರನ್ನು ಪಣ ಇಡುವುದು ಸಣ್ಣ ಗುಣವಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1810ರಲ್ಲಿ ಮದ್ರಾಸಿನ ಸರ್ವೇಯರ್ ಜನರಲ್, 1811ರಿಂದ ಎರಡು ವರ್ಷ ಜಾವಾ, ಅಲ್ಲೇ ಮದುವೆ, 1815ರಲ್ಲಿ ಇಡೀ ಭಾರತದ ಹುದ್ದೆ. ಕಲ್ಕತ್ತೆಗೆ ಹೋಗುವಾಗ ಲಕ್ಷ್ಮಯ್ಯ, ಧರ್ಮಯ್ಯ ಮುಂತಾದ ತಮ್ಮ ಜನರನ್ನೂ ಕರೆದೊಯ್ದರು. ಸಂಗ್ರಹವನ್ನು ತಾವೇ ಕ್ರಮಪಡಿಸಿ ಬರೆಯಬೇಕೆಂಬುದು ಆಸೆಯಾಗಿತ್ತು. ಕಚೇರಿ ಬಿಡುವು ಕೊಡಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಬಳಿ ತೀರಿಕೊಂಡರು. ಸರ್ಕಾರ ಅವರ ಪತ್ನಿಗೆ 1 ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ಪಟ್ಟಿ ಪ್ರಕಟಿಸಿದರು: 1,568 ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಗಳು, 6,218 ನಾಣ್ಯಗಳು, 2,630 ಚಿತ್ರಗಳು, 79 ನಕ್ಷೆಗಳು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರಾದ ವಿಲ್ಸನ್ ಅವರಿಗೂ ದಕ್ಷಿಣದ ಭಾಷೆಗಳು ಬರುತ್ತಿರಲಿಲ್ಲ. ಆ ಪಟ್ಟಿಯೂ ಮೆಕೆಂಜಿಯವರ ಪಂಡಿತರು ಮಾಡಿಟ್ಟ ಅನುವಾದಗಳ ಮೇಲೆಯೇ ನಿಂತದ್ದು.

ಈ ಕಥೆಯಲ್ಲಿ ನನ್ನನ್ನು ಇಂದಿಗೂ ನೋಯಿಸುವುದು ಲಕ್ಷ್ಮಯ್ಯನವರ ಪಾಡು. ಒಡೆಯ ತೀರಿಕೊಂಡ ಮೇಲೆ ಅವರು ಕೆಲಸ ಕೈಬಿಡಲಿಲ್ಲ. ಮದ್ರಾಸಿಗೆ ಮರಳಿ, ಸಂಗ್ರಹವನ್ನು ಮುಂದುವರಿಸಲು ಅವಕಾಶ ಕೊಡಿ ಎಂದು ಸರ್ಕಾರವನ್ನು ಕೇಳಿದರು. ಪ್ರಶ್ನೆ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಗೆ ಹೋಯಿತು. 1836ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕೊಟ್ಟ ಅಭಿಪ್ರಾಯ, ಇಂಥ ಕೆಲಸ ಒಬ್ಬ ದೇಶೀಯನಿಂದ ಆಗುವಂಥದ್ದಲ್ಲ ಎಂದು. ಬ್ರಾಹ್ಮೀ ಲಿಪಿಯನ್ನು ಓದಿ ನಮಗೆ ಅಶೋಕನನ್ನು ಕೊಟ್ಟ ಪ್ರಿನ್ಸೆಪ್ ಅವರೇ ಹೀಗೆ ಹೇಳಿದರು. ಬೋರಯ್ಯನವರಿಂದ ಶುರುವಾಗಿ ಮೂರು ದಶಕಕ್ಕೂ ಮಿಕ್ಕಿ ಆ ಕೆಲಸವನ್ನು ದೇಶೀಯರೇ ಮಾಡುತ್ತ ಬಂದಿದ್ದರು, ಮಾಡಿಸಿದವರಿಗೆ ಭಾಷೆಯೇ ತಿಳಿದಿರಲಿಲ್ಲ. ಈ ಅನ್ಯಾಯವನ್ನು ಹೇಳದೆ ಮೆಕೆಂಜಿಯವರನ್ನು ಹೊಗಳಿದರೆ ಹೊಗಳಿಕೆ ಅರ್ಧವಾಗುತ್ತದೆ. ಅವರಿದ್ದಾಗ ಈ ಜನಕ್ಕೆ ಜಾಗವಿತ್ತು. ಅವರು ಹೋದ ಮೇಲೆ ಇರಲಿಲ್ಲ. ಜಾಗ ಸಿಕ್ಕಿದ್ದು ಒಬ್ಬರ ಒಳ್ಳೆಯತನದಿಂದ. ಆಡಳಿತ ಅದನ್ನು ಹಕ್ಕಾಗಿ ಮಾಡಲಿಲ್ಲ.

ಆಮೇಲೆ ಆದದ್ದು ವಿಭಜನೆ. ನಕ್ಷೆಗಳು ಸರ್ವೆ ಕಚೇರಿಗೆ ಹೋದವು. ಹಸ್ತಪ್ರತಿಗಳಲ್ಲಿ ಒಂದು ಪಾಲು ಲಂಡನ್ನಿಗೆ, ಇನ್ನೊಂದು ಪಾಲು ಮದ್ರಾಸಿಗೆ ಹೋಯಿತು. ಅಲ್ಲಿ ಈಗ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕರ್ನಾಟಕದ ಕೈಫಿಯತ್ತುಗಳು’ ಎಂದು ತಂದರು. ನಾಡಿಗೆ ದೊಡ್ಡ ಉಪಕಾರ ಅದು. ಹಂಪಿಯಿಂದಲೇ ಬಂದದ್ದೂ ಸರಿಯಾಗಿದೆ. 1799ರಲ್ಲಿ ಹಂಪಿಯ ಅವಶೇಷಗಳನ್ನು ಅಳೆದು ಮೊದಲ ನಕ್ಷೆ ಮಾಡಿದವರು ಮೆಕೆಂಜಿ. ಆದರೆ ಆ ಸಂಪುಟ ಇರುವುದು ಕನ್ನಡ ವಿಭಾಗಗಳ, ಇತಿಹಾಸ ವಿಭಾಗಗಳ ಕಪಾಟಿನಲ್ಲಿ. ತಾಲ್ಲೂಕು ಸರ್ವೆ ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಾನು ಅದನ್ನು ಒಮ್ಮೆಯೂ ನೋಡಲಿಲ್ಲ. ಅತ್ತ ಕೈಫಿಯತ್ತು ಓದುವ ಸಂಶೋಧಕರು ಗ್ರಾಮ ನಕಾಶೆ ಬಿಚ್ಚಿ ನೋಡಿದ್ದೂ ಅಪರೂಪ.

ಈಗ ನಮ್ಮ ಕೈಯಲ್ಲಿ ರೋವರ್ ಇದೆ. ಉಪಗ್ರಹದ ಸಂಕೇತ ಹಿಡಿದು ಕೆಲವು ಸೆಂಟಿಮೀಟರಿನ ಒಳಗೆ ಬಿಂದುವನ್ನು ಗುರುತಿಸುತ್ತದೆ. ಡ್ರೋನ್ ಹಾರಿಸಿ ಗ್ರಾಮಠಾಣದ ಮನೆ ಮನೆಯ ಚಿತ್ರ ತೆಗೆಯುತ್ತೇವೆ. ಇದರ ಬಗ್ಗೆ ನನಗೆ ಅಪಾರ ಸಂತೋಷವಿದೆ; ಬಿಸಿಲಲ್ಲಿ ಸರಪಳಿ ಎಳೆದವನಿಗೆ ಇದರ ಬೆಲೆ ಗೊತ್ತು. ಜೊತೆಗೇ ಒಂದು ಭಯವೂ ಇದೆ. ಕೆಲಸ ಬೇಗ ಮುಗಿಯುವುದರಿಂದ ಹೊಲದ ಬದುವಿನ ಮೇಲೆ ನಾವು ಕೂರುವ ಹೊತ್ತು ಕಡಿಮೆಯಾಗಿದೆ. ಎಷ್ಟೋ ಊರುಗಳಲ್ಲಿ ಗುಂಡುತೋಪು, ಗೋಮಾಳ, ರಾಜಕಾಲುವೆ, ಕೆರೆಯ ತೂಬು ಎಲ್ಲಿದ್ದವು ಎಂದು ಬೆರಳು ಮಾಡಿ ತೋರಿಸಬಲ್ಲವರು ಇನ್ನು ನಾಲ್ಕಾರು ಮಂದಿ. ದಾಖಲೆಯಲ್ಲಿ ಖರಾಬು ಎಂದು ಒಂದು ಶಬ್ದದಲ್ಲಿ ಮುಗಿದ ಜಾಗ ಅವರ ಬಾಯಲ್ಲಿ ಕಣವಾಗಿರುತ್ತದೆ, ಮಸಣವಾಗಿರುತ್ತದೆ, ದನದ ದಾರಿಯಾಗಿರುತ್ತದೆ. ವ್ಯಾಜ್ಯ ಹತ್ತಿ ಕೋರ್ಟಿನ ಮೆಟ್ಟಿಲು ಏರಿದಾಗ ನ್ಯಾಯ ತೀರುವುದು ಈ ಮಾತುಗಳ ಮೇಲೆ. ಆಗ ಹೇಳಲು ಅವರಿರುವುದಿಲ್ಲ.

ಆದ್ದರಿಂದ ಈ ವೇದಿಕೆಯಿಂದ ಒಂದು ಕೋರಿಕೆ ಇಡುತ್ತೇನೆ. ಒಂದೇ ಒಂದು ಹೋಬಳಿಯನ್ನು ತೆಗೆದುಕೊಳ್ಳೋಣ. ಅದರ ಊರುಗಳ ಬಗ್ಗೆ ಕೈಫಿಯತ್ತುಗಳಲ್ಲಿ, ಶಾಸನ ಸಂಪುಟಗಳಲ್ಲಿ ಇರುವುದನ್ನೆಲ್ಲ ಕನ್ನಡ ಅಧ್ಯಾಪಕರು ಎತ್ತಿಕೊಡಲಿ. ಹಳೆಯ ಗ್ರಾಮ ನಕಾಶೆಗಳನ್ನೂ ಟಿಪ್ಪಣಿಗಳನ್ನೂ ಸರ್ವೆಯವರು ತರಲಿ. ಎರಡನ್ನೂ ಹಿಡಿದುಕೊಂಡು ಊರಿಗೆ ಹೋಗಿ, ಹಿರಿಯರನ್ನು ಕರೆದು ಕೂರಿಸಿ, ಅವರು ಹೇಳಿದ್ದನ್ನು ಅವರ ಹೆಸರು ಸಮೇತ ಬರೆದು, ತೋರಿಸಿದ ಜಾಗಕ್ಕೆ ರೋವರ್ ಇಟ್ಟು ಬಿಂದು ಹಿಡಿಯೋಣ. ಹೇಳಿದವರ ಹೆಸರು ಬಿಡಬಾರದು ಎಂಬುದು ನನ್ನ ಷರತ್ತು. ಉರಿಗಾಂನ ಹೆಂಗಸರಿಗೆ ಆದದ್ದು ಮತ್ತೆ ಆಗಬಾರದು. ನಿವೃತ್ತರಾದ ನಾವು ಕೆಲವರು ಇದಕ್ಕೆ ಸಮಯ ಕೊಡಲು ಸಿದ್ಧರಿದ್ದೇವೆ. ಯಾವ ಹೋಬಳಿ ಎಂಬುದನ್ನು ಸಭೆ ಮುಗಿದ ಮೇಲೆ ಚಹಾದ ಹೊತ್ತಿನಲ್ಲೇ ಮಾತಾಡಬಹುದು. ಆಸಕ್ತಿಯುಳ್ಳವರು ದಯವಿಟ್ಟು ಉಳಿದುಕೊಳ್ಳಿ.